ಚಳಿಗಾಲದಲ್ಲಿ ಮನೆಯ ಈಜುಕೊಳ

ಚಳಿಗಾಲ ಸಮೀಪಿಸುತ್ತಲೇ ಶೀತದೇಶಗಳ ಜನರು ತಮ್ಮ ಈಜುಕೊಳದ ಕೊಳವೆಗಳಿಂದ ನೀರನ್ನು ಪೂರ್ಣವಾಗಿ ಹೊರಹಾಕುವರು. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುವುದು; ಆ ಒತ್ತಡಕ್ಕೆ ಲೋಹದ ಕೊಳವೆಯೂ ಬಿರಿಯಬಲ್ಲದು. ಮತ್ತಿಕೆರೆಯ ಮನೆಯೊಂದರಲ್ಲಿ ಕೊಳವಿದ್ದರೆ ಇದೇ ಸಿದ್ಧತೆ ಬೇಕೆ? ಬೇಡ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಮೆ ಉಷ್ಣತೆ 7.8 ಡಿಗ್ರಿ ಸೆಂಟಿಗ್ರೇಡ್. ಅದು 1884ರ ಜನವರಿಯಲ್ಲಿ. ಇಲ್ಲಿ ಅಂಜಬೇಕಾದುದು ಮಂಜುಗಡ್ಡೆಗಲ್ಲ, ಯಾರೂ ಇಳಿಯದೆ ನಿಂತ ನೀರಿಗೆ.

ಬೆಚ್ಚನೆಯ ದಿನಗಳಲ್ಲಿ ಸೊಳ್ಳೆಯ ಮೊಟ್ಟೆ ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುವುದು. ನಮ್ಮೂರಿನ ಚಳಿ ಈ ಬೆಳವಣಿಗೆಯನ್ನು ನಿಧಾನಗೊಳಿಸೀತೇ ಹೊರತು ನಿಲ್ಲಿಸಲಾರದು.

ಕೊಳವನ್ನು ಬರಿದು ಮಾಡುವುದು ಪರಿಹಾರವಲ್ಲ. ಹಿಂಗಾರು ಮಳೆಯ ನೀರು ಅದರ ತಳದಲ್ಲಿ ನಿಲ್ಲುವುದು. ಮರಳಿ ತುಂಬಲು ಸುಮಾರು 100 ಕಿಲೋಮೀಟರ್ ದೂರದಿಂದ ಏರಿಸಿ ತಂದ ಕಾವೇರಿಯ ನೀರು ವ್ಯಯವಾಗುವುದು. ನೀರಿನ ಅಭಾವವುಂಟಾದಾಗ, 2024ರ ಮಾರ್ಚ್ ತಿಂಗಳಲ್ಲಿ, ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ಬೆಂಗಳೂರಿನ ಜಲಮಂಡಲಿಯು ನಿಷೇಧಿಸಿತು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಎಲೆ, ಕಸಗಳನ್ನು ತೆಗೆದು ಗೋಡೆಯ ಪಾಚಿಯನ್ನು ಉಜ್ಜಬೇಕು. ಸೊಳ್ಳೆಯ ಮರಿಹುಳು ಮೇಲ್ಮೈಗೆ ಬಂದು ಉಸಿರಾಡುವುದರಿಂದ ಕದಲುವ ನೀರು ಅದಕ್ಕೆ ಒಗ್ಗದು. ಆದುದರಿಂದ ಪಂಪನ್ನು ದಿನವೂ ಕೆಲಕಾಲ ನಡೆಸಬೇಕು. ಕ್ಲೋರಿನನ್ನು ಬಿಸಿಲು ಕೆಡಿಸುವುದರಿಂದ ಸಂಜೆ ಹಾಕುವುದು ಲೇಸು. ನೀರಿನ ಪಿಎಚ್ 7.5 ಇದ್ದಾಗ ಕ್ಲೋರಿನಿನ ಸುಮಾರು ಅರ್ಧಭಾಗವು ರೋಗಾಣುಗಳನ್ನು ಕೊಲ್ಲುವ ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿರುವುದು, ಪಿಎಚ್ 8.5ಕ್ಕೇರಿದರೆ ಹತ್ತರಲ್ಲೊಂದು ಪಾಲು ಮಾತ್ರ. ಕೊನೆಗೆ, ಮೇಲೆ ಮಳೆನೀರು ನಿಲ್ಲದಂತೆ ಹೊದಿಕೆಯನ್ನು ಬಿಗಿಯಾಗಿ ಕಟ್ಟಬೇಕು. ಹೊದಿಕೆಯ ಮೇಲೆ ನಿಂತ ಬೊಗಸೆ ನೀರೂ ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಸಾಕು.

ಕೊಳವಿಲ್ಲದ ಮನೆಗಳಲ್ಲಿಯೂ ಸಂಪು, ತೊಟ್ಟಿ, ಡ್ರಮ್ಮುಗಳಿವೆ. ವಾರಕ್ಕೊಮ್ಮೆ ಅವುಗಳ ಮುಚ್ಚಳವನ್ನು ಪರೀಕ್ಷಿಸುವ ಕೆಲಸವನ್ನು ವಿದ್ಯಾರ್ಥಿಗಳೇ ವಹಿಸಿಕೊಳ್ಳಬಹುದು.