ಭ್ರಮೆ ಅಳಿದ ಮೇಲೆ ಸಂತೋಷ ಉಳಿಯುವುದೇ?

ದ್ವಾದಶಾನುಪ್ರೇಕ್ಷೆಗಳ ಸ್ವಾಧ್ಯಾಯದಲ್ಲಿ ತೊಡಗಿದ ಶ್ರಾವಕ ಶ್ರಾವಿಕೆಯರಲ್ಲಿ ಒಂದು ಸಂದೇಹ ಏಳುವುದು ಸಹಜ. ದೇಹ, ಯೌವನ, ಬಂಧುತ್ವ, ಸಂಪತ್ತು ಎಲ್ಲವೂ ಅನಿತ್ಯವೆಂದು ದಿನವೂ ಚಿಂತಿಸುತ್ತ ಹೋದರೆ ಮಗುವಿನ ನಗುವಿನಲ್ಲಿ, ಹಬ್ಬದ ಸಡಗರದಲ್ಲಿ ರುಚಿ ಉಳಿಯುವುದೇ? ಏನನ್ನೂ ಅರಿಯದಿದ್ದಾಗಲೇ ನೆಮ್ಮದಿಯಾಗಿದ್ದೆವೆಂದು ಹೇಳಿದವರನ್ನು ನಾನು ಕಂಡಿದ್ದೇನೆ. ಇದನ್ನು ಮಿಥ್ಯಾತ್ವದ ಮಾತೆಂದು ತಳ್ಳಿಹಾಕುವುದು ತರವಲ್ಲ. ಕೇಳುವವರು ನೊಂದು ಕೇಳುತ್ತಾರೆ. ಅವರಿಗೆ ಸಮಾಧಾನ ಹೇಳುವುದು ಕರ್ತವ್ಯ.

ಮೊದಲು ಪುರಾಣಪ್ರಸಂಗವೊಂದನ್ನು ನೆನೆಯೋಣ. ಜಿನಸೇನಾಚಾರ್ಯರ ಸಂಸ್ಕೃತ ಗ್ರಂಥವನ್ನು ಅನುಸರಿಸಿ ಪಂಪನು ಕ್ರಿ. ಶ. ೯೪೧ರಲ್ಲಿ ರಚಿಸಿದ ಆದಿಪುರಾಣದಲ್ಲಿ ಬರುವ ನೀಲಾಂಜನೆಯ ನೃತ್ಯವನ್ನು ಅರಿಯದವರು ವಿರಳ. ಆದಿದೇವನು ಕುಮಾರನಾಗಿಯೂ ಅರಸನಾಗಿಯೂ ೮೩ ಲಕ್ಷ ಪೂರ್ವಗಳ ಕಾಲ ಬಾಳಿದ್ದನು. ಆತನಲ್ಲಿ ವೈರಾಗ್ಯವನ್ನು ಎಚ್ಚರಿಸಲೆಂದು ಇಂದ್ರನು, ಆಯುಷ್ಯವು ಮುಗಿಯುತ್ತ ಬಂದಿದ್ದ ನೀಲಾಂಜನೆಯೆಂಬ ದೇವನರ್ತಕಿಯನ್ನು ಸಭೆಯಲ್ಲಿ ಕುಣಿಯಲು ನಿಯೋಜಿಸಿದನು. ನೃತ್ಯದ ನಡುವೆಯೇ ಆಕೆಯ ಆಯುಷ್ಯ ತೀರಿ ಆಕೆ ಅದೃಶ್ಯಳಾದಳು. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣವೇ ಆಕೆಯನ್ನೇ ಹೋಲುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸಿದನು. ಸಭೆಯು ಏನನ್ನೂ ಅರಿಯಲಿಲ್ಲ. ಆದಿದೇವನೊಬ್ಬನು ಅರಿತನು.

ಇಲ್ಲಿ ವಿಚಾರಣೀಯವಾದ ಅಂಶಗಳು ಎರಡು. ಆ ನೃತ್ಯವನ್ನು ಎಲ್ಲರಿಗಿಂತ ಹೆಚ್ಚಿನ ಅವಧಾನದಿಂದ ಕಂಡವನು, ಅದರ ಮುಕ್ತಾಯವನ್ನು ಗುರುತಿಸಿದ ಆದಿದೇವನೇ ಆಗಿದ್ದಾನೆ. ಸಭಾಸದರಾದರೋ ಸಂತೋಷವನ್ನು ಉಳಿಸಿಕೊಂಡರು, ಆದರೆ ನೀಲಾಂಜನೆಯನ್ನು ಕಳೆದುಕೊಂಡರು. ಒಂದು ಜೀವವು ತಮ್ಮ ಕಣ್ಣೆದುರಿನಲ್ಲಿಯೇ ಹೊರಟುಹೋದರೂ ಅದಕ್ಕಾಗಿ ಮರುಗುವ ಅವಕಾಶವೂ ಅವರಿಗೆ ದೊರೆಯಲಿಲ್ಲ. ಭ್ರಮೆಯು ಕೊಡುವ ಸುಖಕ್ಕೆ ತೆರಬೇಕಾದ ಬೆಲೆ ಇದು.

ಇದು ಪುರಾಣದ ಮಾತು ಮಾತ್ರವಲ್ಲ. ನನ್ನ ತಂದೆಯವರ ಕೊನೆಯ ಕಾಯಿಲೆಯಲ್ಲಿ ಮನೆಮಂದಿಯೆಲ್ಲರೂ ಸೇರಿ ಅವರಿಂದ ನಿಜವನ್ನು ಮರೆಮಾಡಿದೆವು. ಬರುವ ದಶಲಕ್ಷಣ ಪರ್ವದ ವೇಳೆಗೆ ಎದ್ದು ಬಸದಿಗೆ ಬರುವಿರೆಂದು ನಗುತ್ತ ಹೇಳುತ್ತಿದ್ದೆವು, ಅವರೂ ನಗುತ್ತಿದ್ದರು. ಅವರು ತೀರಿಕೊಂಡ ಮೇಲೆ, ತಮ್ಮ ಸ್ವಾಧ್ಯಾಯದ ಗ್ರಂಥಗಳನ್ನು ಯಾರಾರಿಗೆ ಕೊಡಬೇಕೆಂದು ಅವರು ಬರೆದಿಟ್ಟಿದ್ದ ಚೀಟಿಯೊಂದು ಸಿಕ್ಕಿತು. ಅವರಿಗೆ ಎಲ್ಲವೂ ತಿಳಿದಿತ್ತು. ನಾನು ಅವರಲ್ಲಿ ಕೇಳಬೇಕಾಗಿದ್ದ ಕ್ಷಮೆಯೊಂದಿತ್ತು. ಅದು ಹಾಗೆಯೇ ಉಳಿಯಿತು. ರಸಭಂಗವಾಗದಿರಲೆಂದು ನಾವು ಸಹ ಕೃತಕ ನೀಲಾಂಜನೆಯೊಬ್ಬಳನ್ನು ಕುಣಿಸಿದ್ದೆವು.

ಹಾಗಾದರೆ ಅನಿತ್ಯವನ್ನು ಅರಿತವನಿಗೆ ಕವಿಯುವ ಬೇಸರವು ಎಲ್ಲಿಂದ ಬಂದಿತು? ಕರ್ಮಸಿದ್ಧಾಂತವು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಮೋಹನೀಯ ಕರ್ಮದ ೨೮ ಪ್ರಕೃತಿಗಳಲ್ಲಿ ದರ್ಶನಮೋಹನೀಯದವು ೩, ಚಾರಿತ್ರಮೋಹನೀಯದವು ೨೫. ಈ ೨೫ರಲ್ಲಿ ೯ ನೋಕಷಾಯಗಳು. ವಿಷಯಗಳಲ್ಲಿ ಒಲವಾದ ರತಿಯೂ ಅವುಗಳ ಬಗೆಗಿನ ಬೇಸರವಾದ ಅರತಿಯೂ ಈ ಒಂಬತ್ತರಲ್ಲಿಯೇ ಸೇರಿವೆ. ಆದುದರಿಂದ ಬಾಳಿನ ಮೇಲಿನ ಬೇಸರವು ವೈರಾಗ್ಯವಲ್ಲ. ಅದು ಜ್ಞಾನದ ಫಲವೂ ಅಲ್ಲ. ಅದು ಉಳಿದಿರುವ ಮೋಹ. ದೃಷ್ಟಿಯು ನಿಜವನ್ನು ಕಂಡಿದೆ, ಬಯಕೆಯು ಇನ್ನೂ ಹಳೆಯದನ್ನೇ ಬೇಡುತ್ತಿದೆ. ವಸ್ತುವು ನಿಲ್ಲದೆಂದು ತಿಳಿದೂ ನಿಲ್ಲಬೇಕೆಂದು ಹಟಹಿಡಿಯುವ ಮನಸ್ಸಿಗೆ ನೋವಾಗದೆ ಇರದು.

ಕೆಲವು ಸಂತೋಷಗಳು ನಿಶ್ಚಯವಾಗಿಯೂ ಹೋಗುತ್ತವೆ. ಇದೆಲ್ಲ ನನ್ನದು, ಎಂದೆಂದಿಗೂ ನನ್ನದು ಎಂಬ ನೆಚ್ಚಿಕೆಯ ಸುಖವು ಮರಳಿ ಬರುವುದಿಲ್ಲ. ಆ ನಷ್ಟವನ್ನು ಅಲ್ಲಗಳೆಯಬಾರದು. ಆದರೆ ಆ ನೆಚ್ಚಿಕೆಯಿಲ್ಲದೆಯೂ ಸುಖವುಂಟೆಂಬುದಕ್ಕೆ ಭರತ ಚಕ್ರವರ್ತಿಯೇ ಸಾಕ್ಷಿ. ಮೂಡಬಿದಿರೆಯ ರತ್ನಾಕರವರ್ಣಿಯು ೧೬ನೆಯ ಶತಮಾನದಲ್ಲಿ ರಚಿಸಿದ ಭರತೇಶ ವೈಭವದಲ್ಲಿ ಆತನು ಭೋಗದ ನಡುವೆಯೇ ಆತ್ಮಧ್ಯಾನಿಯಾಗಿ ಕಾಣಿಸಿಕೊಳ್ಳುತ್ತಾನೆ. ಸಂಗೀತವನ್ನು ಕೇಳುತ್ತಾನೆ, ಮಕ್ಕಳನ್ನು ಮುದ್ದಿಸುತ್ತಾನೆ, ಅವು ತನ್ನವಲ್ಲವೆಂಬುದನ್ನೂ ಮರೆಯುವುದಿಲ್ಲ. ಆದಿದೇವನದು ಮಹಾವ್ರತದ ಮಾರ್ಗ. ಮನೆಯಲ್ಲಿ ಇರುವವರಿಗೆ ಭರತನ ಈ ಚಿತ್ರವು ಹೆಚ್ಚು ಸಮೀಪದ್ದು.

ಉಪವಾಸವನ್ನು ಆಚರಿಸುವವರಿಗೆ ಇದರ ಅನುಭವವು ಹೊಸದಲ್ಲ. ಒಂದು ಹೊತ್ತಿನ ಊಟ ತಪ್ಪಿದರೆ ಬಾಳಲಾರೆನೆಂಬುದು ದೇಹದ ಭ್ರಮೆ. ಚತುರ್ದಶಿಯ ಒಂದು ದಿನದಲ್ಲಿ ಅದು ಅಳಿಯುತ್ತದೆ. ಅನ್ನದ ಮೇಲಿನ ಆ ಕಡು ಅವಲಂಬನೆ ಸಡಿಲಿದ ಮಾತ್ರಕ್ಕೆ ಅನ್ನವು ಕಹಿಯಾಗುವುದೇ? ಮರುದಿನ ಪಾರಣೆಯ ವೇಳೆ ಬರಿಯ ಗಂಜಿಯ ಮೊದಲ ಗುಟುಕಿನಲ್ಲಿರುವ ರುಚಿ ದಿನವೂ ಉಣ್ಣುವ ಷಡ್ರಸಗಳಲ್ಲಿ ಇರುವುದಿಲ್ಲ. ಆ ರುಚಿಗಾಗಿ ಉಪವಾಸ ಮಾಡುವುದಲ್ಲ; ಅದಕ್ಕೆ ಅಂಟಿಕೊಳ್ಳುವುದು ಮತ್ತೆ ರತಿಯೇ ಸರಿ. ಭ್ರಮೆ ಅಳಿದರೆ ಬಾಳು ನೀರಸವಾಗುವುದೆಂಬ ಭಯಕ್ಕೆ ಆಧಾರವಿಲ್ಲವೆಂಬುದಕ್ಕೆ ಈ ದೃಷ್ಟಾಂತ ಸಾಕು.

ಬರುವ ಪರ್ವದಿನಗಳಲ್ಲಿ ಒಂದು ಚಿಕ್ಕ ನಿಯಮವನ್ನು ಕೈಕೊಳ್ಳಬಹುದು. ಬೆಳಿಗ್ಗೆ ಸಾಮಾಯಿಕದ ಬಳಿಕ ಅನಿತ್ಯಭಾವನೆಯನ್ನು ಮಾಡುವಾಗ ಎಲ್ಲವೂ ಅನಿತ್ಯವೆಂದು ಸಾಮಾನ್ಯವಾಗಿ ನೆನೆಯದೆ, ಮನೆಯ ಒಬ್ಬ ವ್ಯಕ್ತಿಯನ್ನು ನೆನೆಯಿರಿ. ಆಗ ಮನಸ್ಸು ಕುಗ್ಗಿದರೆ ಇದು ಅರಿವೋ ಅರತಿಯೋ ಎಂದು ವಿಚಾರಿಸಿಕೊಳ್ಳಿರಿ. ಅನಂತರ ಅವರಿಗೆ ಸಲ್ಲಬೇಕಾದ ಸೇವೆ, ಆಡಬೇಕಾದ ಮಾತು, ಕೇಳಬೇಕಾದ ಕ್ಷಮೆ ಏನಾದರೂ ಇದ್ದರೆ ಸೂರ್ಯಾಸ್ತದ ಒಳಗೆ ಅದನ್ನು ಸಲ್ಲಿಸಿರಿ. ಸಂವತ್ಸರಕ್ಕೊಮ್ಮೆ ಬರುವ ಕ್ಷಮಾವಣಿಯ ದಿನಕ್ಕಾಗಿ ಕಾಯುವುದು ಬೇಡ.