ಕೊರಳಿಗೆ ತಕ್ಕ ಮೈಕು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆ ಕಡಮೆಯ ಸೀಮೆ. ಕುರುಚಲು ಕಾಡು, ಬಂಡೆಗಲ್ಲಿನ ಗುಡ್ಡ, ಕಡಲೆಕಾಯಿಯ ಹೊಲ ಇವು ಇಲ್ಲಿಯ ನೋಟ. ಆದರೆ ಹಾಡಿನ ಮಟ್ಟಿಗೆ ಈ ನೆಲದಲ್ಲಿ ಬರಗಾಲವಿಲ್ಲ. ಕಾಡುಗೊಲ್ಲರು ಜುಂಜಪ್ಪನ ಕಥೆಯನ್ನೂ ಮ್ಯಾಸಬೇಡರು ಗಾದ್ರಿ ಪಾಲನಾಯಕನ ಕಥೆಯನ್ನೂ ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಅರಿಯದವರು. ಆದರೂ ಸಾವಿರಾರು ಹಾಡುಗಳು ಅವರ ನಾಲಗೆಯ ಮೇಲಿದ್ದವು. ಜಾನಪದ ವಿದ್ವಾಂಸರಾದ ಕೃಷ್ಣಮೂರ್ತಿ ಹನೂರರು ಅವರ ಹಾಡುಗಳನ್ನು ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು.

ಹಾಡಿನ ಮಾತುಗಳನ್ನು ಕಾಗದದ ಮೇಲೆ ಬರೆದುಕೊಳ್ಳಬಹುದು. ಅದರ ಧಾಟಿಯನ್ನು, ಸೊಲ್ಲಿನ ಕೊನೆಯ ಎಳೆತವನ್ನು, ನಡುವೆ ತೆಗೆದುಕೊಳ್ಳುವ ಉಸಿರನ್ನು ಬರೆಯುವುದು ಹೇಗೆ? ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳು ಅಶೋಕನ ಮಾತನ್ನು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಕಾಪಾಡಿವೆ. ಅದನ್ನು ಅಂದು ಜನರಿಗೆ ಓದಿ ಹೇಳಿದವನ ಕೊರಳನ್ನು ಕಾಪಾಡಲಾರದೆ ಹೋದವು. 1877ರಲ್ಲಿ ಎಡಿಸನ್ನನು ಫೋನೋಗ್ರಾಫ್ ಯಂತ್ರವನ್ನು ರಚಿಸಿದ ಮೇಲೆಯೇ ಕೊರಳು ಉಳಿಯುವಂತಾಯಿತು. 1902ರಲ್ಲಿ ಗೌಹರ್ ಜಾನ್ ಅವರು ಕಲ್ಕತ್ತೆಯಲ್ಲಿ ಹಾಡಿದಾಗ ಮೈಕಿರಲಿಲ್ಲ. ದೊಡ್ಡ ಕೊಂಬಿನಂತಹ ಕೊಳವೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಾಗಿತ್ತು. ಮೈಕಿನ ನೆರವಿನಿಂದ ಧ್ವನಿಮುದ್ರಣ ಮಾಡುವ ಪದ್ಧತಿ ರೂಢಿಗೆ ಬಂದದ್ದು 1925ರಿಂದ ಈಚೆಗೆ.

ಇಂದು ಒಂದು ಹಾಡನ್ನು ಹಿಡಿದಿಡುವುದಕ್ಕೆ ಬೆಂಗಳೂರಿನ ಸ್ಟುಡಿಯೋದ ಬಾಗಿಲು ತಟ್ಟಬೇಕಾಗಿಲ್ಲ. ಒಂದು ಕಂಪ್ಯೂಟರು, ಮೈಕಿನ ಸಂಕೇತವನ್ನು ಅಂಕಿಗಳಾಗಿ ಮಾರ್ಪಡಿಸುವ ಇಂಟರ್‌ಫೇಸ್ ಎಂಬ ಪೆಟ್ಟಿಗೆ, ಒಂದು ಮೈಕು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ಇಷ್ಟಿದ್ದರೆ ಮನೆಯ ಕೋಣೆಯೇ ಸ್ಟುಡಿಯೋ. ಆದರೆ ಮೈಕಿನ ಬೆಲೆ ಎರಡು ಮೂರು ಸಾವಿರ ರೂಪಾಯಿಗಳಿಂದ ಹಿಡಿದು ಲಕ್ಷಗಳವರೆಗೂ ಏರುತ್ತದೆ. ಕೈಯಲ್ಲಿರುವ ಅಲ್ಪ ಹಣದಿಂದ ಯಾವುದನ್ನು ಕೊಳ್ಳಬೇಕು? ಹಾಡುವವರು ವೃದ್ಧರಾಗಿದ್ದು, ಮತ್ತೊಮ್ಮೆ ಹಾಡುವರೆಂಬ ಭರವಸೆ ಇಲ್ಲದಿರುವಾಗ ಈ ಪ್ರಶ್ನೆ ಕೇವಲ ಹಣದ್ದಲ್ಲ.

ಹಾಡುಗಾರಿಕೆಗೆ ಬಳಸುವ ಮೈಕುಗಳಲ್ಲಿ ಮುಖ್ಯವಾದ ಬಗೆಗಳು ಎರಡು. ಮೊದಲನೆಯದು ಡೈನಮಿಕ್ ಮೈಕು. ಇದರೊಳಗೆ ತೆಳುವಾದ ಪೊರೆಯೊಂದಕ್ಕೆ ತಂತಿಯ ಸಣ್ಣ ಸುರುಳಿಯನ್ನು ಅಂಟಿಸಿರುತ್ತಾರೆ. ಸುರುಳಿಯು ಕಾಂತದ ನಡುವೆ ನಿಂತಿರುತ್ತದೆ. ಧ್ವನಿ ತಾಕಿದೊಡನೆ ಪೊರೆ ಅದುರುತ್ತದೆ, ಸುರುಳಿ ಅಲುಗುತ್ತದೆ, ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಇದು. ಎರಡನೆಯದು ಕಂಡೆನ್ಸರ್ ಮೈಕು. 1916ರಲ್ಲಿ ವೆಂಟೆ ಎಂಬ ಅಮೆರಿಕದ ವಿಜ್ಞಾನಿ ಇದನ್ನು ರೂಪಿಸಿದನು. ಇದರಲ್ಲಿ ಪೊರೆಯೂ ಅದರ ಹಿಂದಿನ ಲೋಹದ ಫಲಕವೂ ಸೇರಿ ವಿದ್ಯುದ್ಧಾರಕವಾಗುತ್ತವೆ. ಪೊರೆ ಅದುರಿದಂತೆಲ್ಲ ನಡುವಣ ಅಂತರ ಬದಲಾಗಿ ಸಂಕೇತ ಹೊರಡುತ್ತದೆ. ಸುರುಳಿಯ ಭಾರವಿಲ್ಲದ ಈ ಪೊರೆ ಅತಿ ಹಗುರ. ಆದ್ದರಿಂದ ಸೂಕ್ಷ್ಮ ಸ್ವರಗಳೂ ಅದಕ್ಕೆ ನಿಲುಕುತ್ತವೆ. ಆದರೆ ಇದಕ್ಕೆ ಹೊರಗಿನಿಂದ ವಿದ್ಯುತ್ತನ್ನು ಒದಗಿಸಬೇಕು. ಸಾಮಾನ್ಯವಾಗಿ ಇಂಟರ್‌ಫೇಸಿನಿಂದ ಕೇಬಲ್ಲಿನ ಮೂಲಕವೇ 48 ವೋಲ್ಟು ಹರಿಸುವರು. ಗುಂಡಿ ಒತ್ತಲು ಮರೆತು, ಮೈಕು ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋಗುವವರೂ ಉಂಟು!

ಸ್ಟುಡಿಯೋಗೆ ಕಂಡೆನ್ಸರೇ ತಕ್ಕದ್ದೆಂದು ಹಲವರು ಹೇಳುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ದೊಡ್ಡ ಸ್ಟುಡಿಯೋಗಳ ಗೋಡೆಗಳು ಧ್ವನಿಯನ್ನು ಹೀರಿಕೊಳ್ಳುವಂತೆ ಕಟ್ಟಿದವು. ನಮ್ಮ ಮನೆಗಳಾದರೋ ಕಲ್ಲುಚಪ್ಪಡಿಯ ಇಲ್ಲವೆ ತಗಡಿನ ಮಾಡು, ಬೋಳು ಗೋಡೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಯಾದರೆ ಪಕ್ಕದಲ್ಲೇ ಮಗ್ಗದ ಸದ್ದು; ಹಟ್ಟಿಯಾದರೆ ಕುರಿಮರಿಗಳ ಕೂಗು. ಇಂತಹ ಕಡೆ ಕಂಡೆನ್ಸರನ್ನು ಒಂದು ಮೊಳ ದೂರದಲ್ಲಿ ನಿಲ್ಲಿಸಿದರೆ, ಹಾಡಿನೊಡನೆ ಊರೆಲ್ಲವೂ ಮುದ್ರಣಗೊಳ್ಳುತ್ತದೆ.

ಹಾಗೆಂದು ಡೈನಮಿಕ್ ಮೈಕು ಗದ್ದಲವನ್ನು ತಾನಾಗಿಯೇ ಸೋಸಿಬಿಡುತ್ತದೆಂದು ತಿಳಿಯಬಾರದು. ಅದರ ಗುಟ್ಟು ಅಂತರದಲ್ಲಿದೆ. ಬಾಯಿಂದ ಮೈಕಿಗೆ ಇರುವ ದೂರವನ್ನು ಅರ್ಧಕ್ಕಿಳಿಸಿದರೆ ಧ್ವನಿಯ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ. 40 ಸೆಂಟಿಮೀಟರಿನಿಂದ 10 ಸೆಂಟಿಮೀಟರಿಗೆ ತಂದರೆ ಸುಮಾರು ನಾಲ್ಮಡಿ; ಮಗ್ಗದ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಹೀಗೆ ಬಾಯಿಯ ಹತ್ತಿರವೇ ಇಟ್ಟು ಹಾಡಲೆಂದು ಮಾಡಿದ ಡೈನಮಿಕ್ ಮೈಕುಗಳಿವೆ. 1966ರಲ್ಲಿ ಬಂದು ಇಂದಿಗೂ ಬಳಕೆಯಲ್ಲಿರುವ ಶೂರ್ ಕಂಪನಿಯ ಎಸ್‌ಎಂ58 ಅಂತಹುದು. ಅದೇ ಮಾದರಿಯ ಅಗ್ಗದ ಮೈಕುಗಳೂ ಅನೇಕ. ಹೆಸರಾಂತ ಮೈಕಿನ ನಕಲುಗಳು ಸಂತೆಯಷ್ಟೇ ಸುಲಭವಾಗಿ ಸಿಗುವುದರಿಂದ ನಂಬಿಕೆಯ ಅಂಗಡಿಯಲ್ಲಿಯೇ ಕೊಳ್ಳುವುದು ಲೇಸು. ಇಂತಹ ಮೈಕುಗಳು ಮುಂದಿನ ಧ್ವನಿಯನ್ನು ಹೆಚ್ಚಾಗಿಯೂ ಬೆನ್ನ ಹಿಂದಿನದನ್ನು ಬಹಳ ಕಡಮೆಯಾಗಿಯೂ ಗ್ರಹಿಸುತ್ತವೆ. ಆ ವಲಯವನ್ನು ಚಿತ್ರಿಸಿದರೆ ಹೃದಯದ ಆಕಾರ ಬರುತ್ತದೆ. ಮಗ್ಗವೋ ಕಿಟಕಿಯೋ ಮೈಕಿನ ಬೆನ್ನಿಗಿರುವಂತೆ ಕೂಡಬೇಕು.

ಒಬ್ಬರೇ ಗಟ್ಟಿ ಕೊರಳಿನಲ್ಲಿ ಹಾಡುವ, ಸದ್ದಿರುವ ಮನೆಗೆ ಡೈನಮಿಕ್ಕೇ ಮೇಲೆಂಬುದು ನನ್ನ ಅಭಿಪ್ರಾಯ. ಆದರೆ ಕುಗ್ಗಿದ ಮುದಿ ಕೊರಳು, ಮೆಲುವಾದ ಗಣೆಯ ನಾದ, ಸುತ್ತ ಕುಳಿತ ನಾಲ್ವರು ಸೋಬಾನೆ ಹೇಳುವುದು ಇಂತಹವಕ್ಕೆ ಅದು ಸಾಲದು. ಅದರ ಸಂಕೇತ ಕ್ಷೀಣ. ಇಂಟರ್‌ಫೇಸಿನಲ್ಲಿ ಹೆಚ್ಚು ವರ್ಧಿಸಬೇಕಾಗಿ, ಅಗ್ಗದ ಪೆಟ್ಟಿಗೆಯಾದರೆ ಬುಸ್ಸೆಂಬ ಸದ್ದು ಸೇರಿಕೊಳ್ಳುತ್ತದೆ. ಅಲ್ಲಿ ಕಂಡೆನ್ಸರನ್ನೇ ತಂದು, ರಾತ್ರಿ ಮಗ್ಗ ನಿಂತ ಮೇಲೆ ಮುದ್ರಿಸಬೇಕು. ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಮೈಕಿನಿಂದ ಇಂಟರ್‌ಫೇಸಿನ ಹಣ ಉಳಿಯುವುದು ನಿಜ. ನಾಳೆ ಎರಡನೆಯ ಹಾಡುಗಾರರು ಬಂದು ಕುಳಿತರೆ ಮಾತ್ರ ತೊಡಕು.

ಉಳಿದ ಹಣವನ್ನು ಕೋಣೆಗೆ ಬಳಸಬಹುದು. ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೈಕು ಹಾಡುವವರತ್ತ ಮುಖ ಮಾಡಿರುವುದರಿಂದ, ಅವರ ಬೆನ್ನ ಹಿಂದೆ ಎರಡು ಕಂಬಳಿಗಳನ್ನು ಗೋಡೆಯಿಂದ ಗೇಣು ದೂರದಲ್ಲಿ ತೂಗುಹಾಕಿದರೆ ಗೋಡೆಯಿಂದ ಮರಳುವ ಧ್ವನಿ ತಗ್ಗುತ್ತದೆ. ಹೊರಗಿನ ಸದ್ದನ್ನು ಕಂಬಳಿ ತಡೆಯಲಾರದು. ಕನ್ನಡದ ಪ, ಫ, ಬ, ಭ ಅಕ್ಷರಗಳು ಉಸಿರನ್ನು ಒಮ್ಮೆಲೇ ಚಿಮ್ಮಿಸಿ ಮೈಕಿನಲ್ಲಿ ಧಪ್ಪೆನ್ನಿಸುತ್ತವೆ. ಮೈಕನ್ನು ಬಾಯಿಗೆ ನೇರವಾಗಿಡದೆ ಕೊಂಚ ಪಕ್ಕಕ್ಕೆ ಸರಿಸಿದರೆ ಈ ತೊಂದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಸಾಧ್ಯವಾದರೆ ಎರಡು ಮೈಕುಗಳನ್ನು ಎರವಲು ತಂದು, ಒಂದೇ ಹಾಡನ್ನು ಅದೇ ಮನೆಯಲ್ಲಿ ಎರಡರಲ್ಲಿಯೂ ಮುದ್ರಿಸಿ ಹೋಲಿಸಬೇಕು. ಹೋಲಿಸುವಾಗ ಎರಡರ ಗಟ್ಟಿತನವೂ ಸಮನಾಗಿರಲಿ. ಗಟ್ಟಿಯಾಗಿ ಕೇಳಿದ್ದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. ಕೇಳುವವರು ಆ ಹಾಡನ್ನು ಮೊದಲೇ ಬಲ್ಲವರಾಗಿರಬಾರದು. ಬಲ್ಲವರ ಮನಸ್ಸು ಮಸುಕಾದ ಮಾತನ್ನು ತಾನೇ ತುಂಬಿಕೊಳ್ಳುತ್ತದೆ. ಅರಿಯದವರು ಮಾತ್ರ ಎಲ್ಲಿ ಮಾತು ತಿಳಿಯಲಿಲ್ಲವೆಂಬುದನ್ನು ಸರಿಯಾಗಿ ಹೇಳಬಲ್ಲರು.