ಮನೆಗೆ ಬಂದ ಕಚೇರಿ: ವಿಶ್ವವಿದ್ಯಾಲಯದ ನೌಕರರಿಗೆ ಒಂದು ಪಾಠ



ಸಂಜೆಯ ಹೊತ್ತು ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳ ಕಚೇರಿಯಲ್ಲಿ ದುಡಿಯುವ ಗುಮಾಸ್ತರು ಹಲವರಿದ್ದಾರೆ. ಪ್ರವೇಶದ ಅರ್ಜಿ, ಶುಲ್ಕದ ಲೆಕ್ಕ, ಪರೀಕ್ಷೆಯ ಅಂಕಪಟ್ಟಿ, ಇವೇ ಅವರ ನಿತ್ಯದ ಕೆಲಸ. 2020ರ ಮಾರ್ಚ್ 25ರಂದು ದೇಶವಿಡೀ ಲಾಕ್‌ಡೌನ್ ಜಾರಿಗೆ ಬಂದಾಗ ಈ ಕೆಲಸ ಒಮ್ಮೆಲೇ ಮನೆ ಹೊಕ್ಕಿತು. ಕಚೇರಿಗಳು ಮತ್ತೆ ತೆರೆದ ಮೇಲೂ ಆನ್‌ಲೈನ್ ಸಭೆ, ರಜೆಯ ದಿನದ ತುರ್ತು ಕೆಲಸ ಮೊದಲಾದವು ಅನೇಕರ ಪಾಲಿಗೆ ಉಳಿದುಕೊಂಡಿವೆ.

ಈ ವಿಚಾರ ತೀರ ಹೊಸದಲ್ಲ. 1973ರಲ್ಲೇ ಅಮೆರಿಕೆಯ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜ್ಯಾಕ್ ನೈಲ್ಸ್ ಎಂಬವರು ಇದಕ್ಕೆ ‘ಟೆಲಿಕಮ್ಯೂಟಿಂಗ್’ ಎಂದು ಹೆಸರಿಟ್ಟರು. ಜನರು ಕೆಲಸದ ಬಳಿಗೆ ಓಡುವ ಬದಲು ಕೆಲಸವೇ ಜನರ ಬಳಿಗೆ ತಂತಿಯ ಮೂಲಕ ಬರಲಿ ಎಂಬುದು ಅದರ ಸಾರ. ಲೋಕಲ್ ರೈಲಿನ ನೂಕುನುಗ್ಗಲನ್ನು ದಿನವೂ ಅನುಭವಿಸುವ ನಮಗೆ ಇದರ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕೆಲಸ ಬರುವಾಗ ಅದರ ಹೊಣೆಯೂ ಜೊತೆಗೆ ಬರುತ್ತದೆ. ಅದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ.

ಒಮ್ಮೆ ನಾನು ಮನೆಯಿಂದ ಸಭೆಗೆ ಸೇರಿದ್ದೆ. ಶುಲ್ಕದ ತಃಖ್ತೆಯನ್ನು ತೋರಿಸಲು ಹೋಗಿ ಕಂಪ್ಯೂಟರಿನ ಇಡೀ ಪರದೆಯನ್ನೇ ಎಲ್ಲರ ಮುಂದೆ ತೆರೆದಿಟ್ಟೆ. ಅದರಲ್ಲಿ ಒಬ್ಬ ವಿದ್ಯಾರ್ಥಿನಿಯ ಶುಲ್ಕ ವಿನಾಯಿತಿಯ ಅರ್ಜಿ ಕಾಣುತ್ತಿತ್ತು. ತಂದೆಯ ಕಾಯಿಲೆ, ಮನೆಯ ಸಾಲ ಎಲ್ಲವನ್ನೂ ಆಕೆ ಅದರಲ್ಲಿ ತೋಡಿಕೊಂಡಿದ್ದಳು. ಅರ್ಧ ನಿಮಿಷದಲ್ಲಿ ಮುಚ್ಚಿದೆ. ಆದರೆ ಅಷ್ಟರಲ್ಲಿ ಮೂವತ್ತು ನಲವತ್ತು ಜನ ಓದಿಯಾಗಿತ್ತು. ಅಂದು ಸಂಜೆಯೇ ಮೇಲಧಿಕಾರಿಗಳಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಕ್ಷಮಿಸಿದರು. ಆ ಹುಡುಗಿಯ ಗುಟ್ಟನ್ನು ಮಾತ್ರ ಹಿಂದಕ್ಕೆ ತರಲು ಯಾರಿಂದಲೂ ಆಗಲಿಲ್ಲ. ಮುಂದಿನ ಮಾತುಗಳನ್ನು ಆ ಅನುಭವದಿಂದ ಬರೆದಿದ್ದೇನೆ.

1. ಸ್ಥಳ ಮತ್ತು ಸಾಧನ

ಒಂದು ಖೋಲಿಯ ಸಂಸಾರದಲ್ಲಿ ಕಚೇರಿಗೆ ಬೇರೆ ಕೋಣೆ ಎಲ್ಲಿಂದ ಬರಬೇಕು? ಒಂದು ಮೂಲೆಯೇ ಸಾಕು. ಬೆನ್ನು ಗೋಡೆಯ ಕಡೆಗಿರಲಿ. ಆಗ ಪರದೆಯನ್ನು ಹಿಂದಿನಿಂದ ಯಾರೂ ಓದಲಾರರು. ಮನೆಯವರ ಓಡಾಟವೂ ಕ್ಯಾಮೆರಾಕ್ಕೆ ಕಾಣದು. ಕಿಟಕಿ ಎದುರಿಗೋ ಪಕ್ಕಕ್ಕೋ ಇರಬೇಕು. ಬೆನ್ನ ಹಿಂದೆ ಬೆಳಕಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಸಭೆಯ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟರೆ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಕೊಳ್ಳಬೇಕಾದ ವಸ್ತು ಒಂದೇ ಆದರೆ ಮೈಕ್ ಇರುವ ಇಯರ್‌ಫೋನ್ ಕೊಳ್ಳಿರಿ. ಸ್ಪೀಕರಿನ ದನಿ ಪುನಃ ಮೈಕಿಗೆ ಹೊಕ್ಕು ಆಗುವ ಪ್ರತಿಧ್ವನಿ ಅದರಿಂದ ತಪ್ಪುತ್ತದೆ. ವಿದ್ಯಾರ್ಥಿಯ ವಿಷಯ ಹೇಳುವವರ ದನಿ ನೆರೆಮನೆಗೆ ಕೇಳಿಸದು ಎಂಬುದು ಎರಡನೆಯ ಲಾಭ.

2. ಇಂಟರ್‌ನೆಟ್

ಒಂದು ಗಂಟೆಯ ವಿಡಿಯೊ ಸಭೆಗೆ ಸುಮಾರು 1 ಜಿಬಿ ಡೇಟಾ ಖರ್ಚಾಗಬಹುದು. ಧ್ವನಿ ಮಾತ್ರವಾದರೆ ಅದರ ಹತ್ತರಲ್ಲೊಂದು ಪಾಲೂ ಬೇಡ. ಆದುದರಿಂದ ಮೊಬೈಲಿನ ದಿನದ ಪ್ಯಾಕನ್ನೇ ನಂಬಿದವರು ಮೊದಲು ನಮಸ್ಕಾರ ಹೇಳಿ, “ಡೇಟಾ ಕಡಿಮೆ ಇದೆ, ಕ್ಯಾಮೆರಾ ಮುಚ್ಚುತ್ತೇನೆ” ಎಂದು ತಿಳಿಸಿದರೆ ತಪ್ಪೇನೂ ಇಲ್ಲ. ಇದಕ್ಕೆ ನಾಚಬೇಕಾಗಿಲ್ಲ, ಮೇಲಿನವರು ಒತ್ತಾಯಿಸಲೂ ಬಾರದು.

ಮನೆಯಲ್ಲಿ ವೈ-ಫೈ ಇದ್ದರೆ 5 ಗಿಗಾಹರ್ಟ್ಸಿನದು ಹತ್ತಿರದಲ್ಲಿ ವೇಗವಾಗಿರುತ್ತದೆ, 2.4ರದು ಗೋಡೆ ದಾಟಿ ದೂರ ಹೋಗುತ್ತದೆ. ಎರಡಕ್ಕಿಂತಲೂ ಕೇಬಲ್ ಹಾಕಿ ಜೋಡಿಸಿದ್ದು ಸ್ಥಿರ.

3. ಬೀಗ ಮತ್ತು ಕೀಲಿ

ಕಚೇರಿಯ ಕಪಾಟಿಗೆ ಬೀಗ ಹಾಕದೆ ನಾವು ಊಟಕ್ಕೆ ಏಳುತ್ತಿರಲಿಲ್ಲ. ಮನೆಯಲ್ಲೂ ಅದೇ ನಿಯಮ. ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಗುಂಡಿಯನ್ನೂ ‘ಎಲ್’ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ. ಪಾಸ್‌ವರ್ಡಿನ ಜೊತೆಗೆ ಎರಡನೆಯ ಪರಿಶೀಲನೆಯನ್ನೂ ಇಟ್ಟುಕೊಳ್ಳತಕ್ಕದ್ದು. ಆಗ ಪಾಸ್‌ವರ್ಡ್ ಕದ್ದವನಿಗೂ ಒಳಗೆ ಬರುವುದು ಕಷ್ಟ.

“ಕಂಪ್ಯೂಟರ್ ವಿಭಾಗದಿಂದ ಮಾತಾಡುತ್ತಿದ್ದೇನೆ, ಒಟಿಪಿ ಹೇಳಿ” ಎಂದು ಯಾರು ಕೇಳಿದರೂ ಹೇಳಕೂಡದು. ಫೋನ್ ಇಟ್ಟು, ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿರಿ. ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿರಿ.

ಅಂಕಪಟ್ಟಿಯನ್ನು ಸ್ವಂತ ವಾಟ್ಸಾಪಿಗೆ ಕಳಿಸಿಕೊಳ್ಳುವುದು ಸುಲಭ. ಆದರೆ ಆ ಫೋನಿನಲ್ಲಿ ಮಕ್ಕಳು ಆಟವಾಡುತ್ತಾರೆ. ಕಚೇರಿಯ ಕಾಗದ ಕಚೇರಿಯ ಖಾತೆಯಲ್ಲೇ ಇರಲಿ. ಸೈಬರ್ ಕೆಫೆಯಲ್ಲಾಗಲಿ ನಮ್ಮ ವಾಚನಾಲಯದಂಥ ಸಾರ್ವಜನಿಕ ಸ್ಥಳದಲ್ಲಾಗಲಿ ಅದನ್ನು ತೆರೆಯಬೇಡಿರಿ. ನೂರು ವಿದ್ಯಾರ್ಥಿಗಳಿಗೆ ಒಂದೇ ಇ-ಮೇಲ್ ಕಳಿಸುವಾಗ ವಿಳಾಸಗಳನ್ನು ‘ಬಿಸಿಸಿ’ ಎಂಬ ಸಾಲಿನಲ್ಲಿ ಬರೆದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದು.

4. ಸಭೆಯ ಮರ್ಯಾದೆ

ಐದು ನಿಮಿಷ ಮೊದಲೇ ಸೇರಿ ದನಿಯನ್ನು ಪರೀಕ್ಷಿಸಿಕೊಳ್ಳಿರಿ. ನಿಮ್ಮ ಸರದಿ ಬರುವವರೆಗೆ ಮೈಕ್ ಮುಚ್ಚಿರಲಿ. ಕುಕ್ಕರಿನ ಸೀಟಿ ನಿಮಗೆ ರೂಢಿಯಾಗಿದ್ದರೂ ಇತರರಿಗೆ ಅಡ್ಡಿ. ಮಗನ ಫೋನಿನಿಂದ ಸೇರಿದ್ದರೆ ಹೆಸರನ್ನು ಬದಲಾಯಿಸಿ ನಿಮ್ಮ ಹೆಸರು, ವಿಭಾಗ ಬರೆಯಿರಿ. ಪರದೆ ತೋರಿಸುವಾಗ ಬೇಕಾದ ಒಂದು ಕಿಟಕಿಯನ್ನಷ್ಟೇ ಆರಿಸಿ, ಉಳಿದ ಕಡತಗಳನ್ನು ಮೊದಲೇ ಮುಚ್ಚಿರಿ. ಈ ಒಂದು ಮಾತು ನನಗೆ ಅಂದು ಗೊತ್ತಿದ್ದರೆ ಸಾಕಾಗಿತ್ತು. ಎಲ್ಲರಿಗೂ ತಿಳಿಸದೆ ಸಭೆಯನ್ನು ರೆಕಾರ್ಡ್ ಮಾಡುವುದು ಕದ್ದು ಕೇಳಿದಂತೆಯೇ ಸರಿ.

ಅಧಿಕಾರಿಗಳಿಗೂ ಒಂದು ಬಿನ್ನಹ. ಗುಮಾಸ್ತನು ಮನೆಯಲ್ಲಿದ್ದಾನೆ ಎಂದರೆ ಎಲ್ಲ ಹೊತ್ತೂ ಕೆಲಸದಲ್ಲಿದ್ದಾನೆ ಎಂದರ್ಥವಲ್ಲ. ರಾತ್ರಿ ಹತ್ತಕ್ಕೆ ನೆನಪಾದ ಕೆಲಸವನ್ನು ಬರೆದಿಟ್ಟುಕೊಂಡು ಬೆಳಿಗ್ಗೆ ಕಳಿಸಬಹುದು. ಮನೆಯವರಿಗೂ ಆ ಮೂಲೆಯ ಮೇಲೆ ಹಕ್ಕಿದೆ.

ಉಪಸಂಹಾರ

ಯಂತ್ರ ಹಳೆಯದಾದರೂ ನಡೆದೀತು, ಇಂಟರ್‌ನೆಟ್ ನಿಧಾನವಾದರೂ ನಡೆದೀತು. ಅರ್ಜಿ ಬರೆದವರು ನಮ್ಮನ್ನು ನಂಬಿ ಬರೆದಿದ್ದಾರೆ ಎಂಬ ನೆನಪು ಮಾತ್ರ ತಪ್ಪಬಾರದು. ನಾಳೆ ಆ ಅರ್ಜಿ ನಮ್ಮ ಮಗಳದೇ ಆಗಿರಬಹುದು.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ಬೆನ್ನು ಗೋಡೆಗಿರುವ, ಬೆಳಕು ಎದುರಿಗಿರುವ ಮೂಲೆ ಯಾವುದು?
2. ಡೇಟಾ ಕಡಿಮೆ ಇರುವಾಗ ಸಭೆಯಲ್ಲಿ ಏನು ಹೇಳುವಿರಿ?
3. ಒಟಿಪಿ ಕೇಳಿದವರಿಗೆ ಏನು ಉತ್ತರ ಕೊಡಬೇಕು?
4. ನಿಮ್ಮ ಫೋನಿನಲ್ಲಿ ಇಂದು ಬೇರೆಯವರ ಎಷ್ಟು ಕಾಗದಗಳಿವೆ? ಬೇಡವಾದವನ್ನು ಇಂದೇ ಅಳಿಸಿರಿ.